ಹುಲಿಗೆಮ್ಮನ ಕೊರಳ ಕಪ್ಪು ಪಟ್ಟಿ

ಹಾಜರಿ ಪುಸ್ತಕದಲ್ಲಿ ನನ್ನ ಹುದ್ದೆಯ ಹೆಸರು ‘ಆಹಾರ ತಜ್ಞೆ’. ಮೂವತ್ತೊಂದು ವರ್ಷ ಅದರ ಮುಂದೆ ಸಹಿ ಹಾಕಿದೆ. ಆದರೆ ರಾಯಚೂರಿನ ಆಸ್ಪತ್ರೆಯ ವಾರ್ಡುಗಳಲ್ಲಿ ಆ ಹೆಸರಿನಿಂದ ನನ್ನನ್ನು ಒಬ್ಬರೂ ಕರೆಯಲಿಲ್ಲ. ಬಾಗಿಲಲ್ಲಿ ನನ್ನ ನೆರಳು ಕಂಡರೆ ಹಾಸಿಗೆಯ ಮೇಲಿದ್ದವರು ಪಕ್ಕದವರಿಗೆ, “ಊಟದ ಮೇಡಂ ಬಂದ್ರು” ಎನ್ನುತ್ತಿದ್ದರು. ಹೋಂ ಸೈನ್ಸ್ ಓದಿ, ಪದವಿ ಪಡೆದು ಬಂದವಳಿಗೆ ಮೊದಮೊದಲು ಅದು ಚುಚ್ಚುತ್ತಿತ್ತು. ಈಗ ಮಧ್ಯಾಹ್ನ ಊಟ ಮುಗಿಸಿ ಮಂಚಕ್ಕೆ ಒರಗಿದಾಗ, ಕಿಟಕಿಯ ಪರದೆ ಬಿಸಿಗಾಳಿಗೆ ಮೆಲ್ಲಗೆ ಉಬ್ಬಿ ಇಳಿಯುವಾಗ, ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಆ ಹೊತ್ತಿನಲ್ಲಿ ಅದೇ ಕೂಗು ಕೇಳುತ್ತದೆ. ಎದ್ದು ಹೋಗಬೇಕೆನಿಸುತ್ತದೆ. ಹೋಗಬೇಕಾದ ವಾರ್ಡು ಯಾವುದೆಂದು ನೆನಪಾಗುವಷ್ಟರಲ್ಲಿ ನಾನು ನಿವೃತ್ತಳೆಂಬುದೂ ನೆನಪಾಗುತ್ತದೆ.

ಹೊಸದಾಗಿ ಈ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಈಚೆಗೆ ಮನೆಗೆ ಬಂದಿದ್ದರು. ಕೆಲಸ ಹೇಗಿರುತ್ತದೆ, ಏನನ್ನು ಓದಿಕೊಳ್ಳಬೇಕು ಎಂದು ಕೇಳಿದರು. ಚಹಾ ಮಾಡಿ ಕೊಟ್ಟೆ, ಏನೇನೋ ಹೇಳಿ ಕಳಿಸಿದೆ. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ. ಎದುರಿಗೆ ಕೂತವರಿಗೆ ನನ್ನ ತಪ್ಪನ್ನು ಹೇಳಲು ನಾಚಿಕೆ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಸೇರಿದ ಹೊಸದರಲ್ಲಿ ನಾನು ಪಟ್ಟಿಗಳನ್ನು ಬರೆಯುವುದರಲ್ಲಿ ಬಹಳ ಜಾಣೆ. ಯಾವ ಕಾಯಿಲೆಗೆ ಯಾವ ಆಹಾರ, ಎಷ್ಟು ಗ್ರಾಂ ಎಂದು ಗೆರೆ ಎಳೆದು ಚಂದ ಬರೆದು ಕೊಡುತ್ತಿದ್ದೆ. ಒಮ್ಮೆ ಮಟಮಾರಿಯ ಮುದುಕರೊಬ್ಬರು ನನ್ನ ಪಟ್ಟಿಯನ್ನು ಮೊಮ್ಮಗಳಿಂದ ಓದಿಸಿಕೊಂಡು ಮರಳಿ ಬಂದರು.

“ಮೇಡಂ, ಇದ್ರಾಗ ಪನೀರ್ ಐವತ್ತು ಗ್ರಾಂ ಅಂತ ಬರದೀರಿ. ಮದುವಿ ಮನ್ಯಾಗ ಚಿಮುಕಸ್ತಾರಲ್ರೀ, ಆ ಪನ್ನೀರೇನ್ರೀ? ಕುಡದ್ರ ಸಾಕೇನ್ರೀ, ಮೈಗೂ ಹಚ್ಚಿಗೋಬೇಕೇನ್ರೀ?”

ವಾರ್ಡಿಗೆ ವಾರ್ಡೇ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಪನೀರನ್ನು ಹೊಡೆದುಹಾಕಿ ‘ಮೊಸರು’ ಎಂದು ಬರೆದೆ. ಪಾಠ ಅಲ್ಲಿಗೆ ಮುಗಿಯಿತೆಂದುಕೊಂಡೆ. ಕಾಗದದ ಮೇಲಿನ ಒಂದು ಪದದಿಂದ ನಗೆಯಷ್ಟೇ ಅಲ್ಲ, ಬೇರೆಯದೂ ಹುಟ್ಟೀತೆಂಬುದು ಆಗ ಹೊಳೆಯಲಿಲ್ಲ.

ಆಸ್ಪತ್ರೆಯಲ್ಲಿ ನನಗೆ ನಿಜವಾದ ಗುರುಗಳೆಂದರೆ ಇಬ್ಬರು. ಒಬ್ಬರು ಚರ್ಮರೋಗ ವಿಭಾಗದ ಖಾದರ್ ಸಾಹೇಬರು. ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಇನ್ನೊಬ್ಬಾಕೆ ಅಡುಗೆಮನೆಯ ನರಸಮ್ಮ. ಯಾಪಲದಿನ್ನಿಯವಳು, ಓದು ಬರಹ ಇಲ್ಲ, ಕನ್ನಡದ ನಡುನಡುವೆ ತೆಲುಗು. ಸಾಹೇಬರು ಮಧ್ಯಾಹ್ನ ಹೊರರೋಗಿಗಳ ತಪಾಸಣೆ ಮುಗಿದ ಮೇಲೆ ಅಡುಗೆಮನೆಯ ಹಿಂದಿನ ಬೇವಿನ ಮರದ ಕೆಳಗೆ ಬಂದು ಕೂರುತ್ತಿದ್ದರು. ನರಸಮ್ಮ ಅವರಿಗೆ ಸಕ್ಕರೆಯಿಲ್ಲದ ಚಹಾ ಕೊಡುತ್ತಿದ್ದಳು. ಬೇವಿನ ಹೂವು ಉದುರುವ ಕಾಲದಲ್ಲಿ ಒಂದೆರಡು ಹೂವು ಅವರ ಚಹಾದಲ್ಲಿ ಬಿದ್ದರೂ ತೆಗೆಯದೆ ಕುಡಿಯುತ್ತಿದ್ದರು.

ಅಮೈನೋ ಆಮ್ಲಗಳ ಬಗ್ಗೆ ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆ ಬರೆದಿದ್ದೆ, ಮರೆತಿದ್ದೆ. ಆ ಮರದ ಕೆಳಗೆ ಸಾಹೇಬರು ಅದನ್ನು ನನಗೆ ಮತ್ತೆ ಕಲಿಸಿದರು.

“ನೋಡು ಬೇಟಿ, ನಮ್ಮ ಕಿಲ್ಲೆದ ಗೋಡಿ ನೋಡೀದಿಲ್ಲ? ಮೈ ಅಂದ್ರ ಅಂಥಾ ಗೋಡಿ. ಅದಕ್ಕ ಇಪ್ಪತ್ತು ಥರದ ಕಲ್ಲು ಬೇಕು. ಹನ್ನೊಂದು ಥರ ಮೈಯೇ ಕೆತ್ತಿಕೊಳ್ತದ. ಉಳಿದ ಒಂಬತ್ತು ಹೊರಗಿಂದ ಬರಬೇಕು, ಉಂಡ ಅನ್ನದಾಗ ಬರಬೇಕು. ಅದ್ರಾಗೂ ಒಂದು ಬಾಳ ಕಮ್ಮಿ ಸಿಗೂದು. ಟ್ರಿಪ್ಟೊಫಾನ್.”

“ಆ ಒಂದು ಕಲ್ಲು ಇಲ್ದಿದ್ರ?” ಎಂದು ನರಸಮ್ಮ ಕೇಳಿದಳು. ಪಾತ್ರೆ ಉಜ್ಜುತ್ತಲೇ ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

“ಅದು ಗೋಡಿಗಷ್ಟೇ ಅಲ್ಲ ನರಸಮ್ಮ. ಅದರಿಂದ ಮೈ ಒಂದು ಜೀವಸತ್ವ ಮಾಡಿಕೊಳ್ತದ, ನಯಾಸಿನ್ ಅಂತ. ನಿದ್ದಿ, ಸಮಾಧಾನ ಇವಕ್ಕೂ ಅದೇ ಮೂಲ. ಊಟದಾಗ ನಯಾಸಿನ್ನೂ ಇಲ್ಲ, ಇದೂ ಇಲ್ಲ ಅಂದ್ರ ಮೊದಲು ಬಿಸಿಲು ಬಿದ್ದಲ್ಲೆಲ್ಲ ತೊಗಲು ಕರ್ರಗಾಗ್ತದ. ಆಮ್ಯಾಲ ಹೊಟ್ಟಿ ಕೆಡ್ತದ. ಆಮ್ಯಾಲ ತಲಿ.”

ಕಾಯಿಲೆಯ ಹೆಸರು ಪೆಲ್ಲಾಗ್ರ. ಸಾಹೇಬರ ಗುರುಗಳ ಕಾಲದಲ್ಲಿ ನಮ್ಮ ಜೋಳದ ಸೀಮೆಯಲ್ಲಿ ಅದು ಬೇಸಿಗೆ ಬಂತೆಂದರೆ ಕಾಣುತ್ತಿತ್ತಂತೆ. ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಹೆಚ್ಚಿದ್ದು, ಅದು ಟ್ರಿಪ್ಟೊಫಾನಿನ ಕೆಲಸಕ್ಕೆ ಅಡ್ಡ ಬರುತ್ತದೆಂದು ಹಿಂದೆ ಕೆಲವು ವಿಜ್ಞಾನಿಗಳು ಹೇಳಿದ್ದರು. ಎಲ್ಲರೂ ಅದನ್ನು ಒಪ್ಪಲಿಲ್ಲ. ಸಾಹೇಬರು ಆ ಜಗಳಕ್ಕೆ ಹೋಗುತ್ತಿರಲಿಲ್ಲ. “ಜೋಳಕ್ಕ ಯಾಕ ಬೈಬೇಕು? ರೊಟ್ಟಿ ಜೋಡಿ ಬ್ಯಾಳಿ ಇರಲಿ, ಶೇಂಗಾ ಹಿಂಡಿ ಇರಲಿ, ಒಂದು ಬಟ್ಟಲ ಮಜ್ಜಿಗಿ ಇರಲಿ, ಆ ರೊಟ್ಟಿಯಂಥಾ ಊಟ ಇಲ್ಲ. ರೊಟ್ಟಿ ಒಂಟಿ ಆಗಬಾರದು, ಅಷ್ಟೇ” ಎನ್ನುತ್ತಿದ್ದರು. ಹಿಂಡಿ ಎಂದರೆ ನಮ್ಮ ಕಡೆ ಚಟ್ನಿಪುಡಿ.

ಅವರಿಗೊಂದು ಚಟವಿತ್ತು. ಎದುರಿಗೆ ಯಾರೇ ಬರಲಿ, ಮುಖ ನೋಡುವ ಮೊದಲು ಕೊರಳು ನೋಡುತ್ತಿದ್ದರು, ಪೆಲ್ಲಾಗ್ರದ ಕಪ್ಪು ಪಟ್ಟಿ ಕೊರಳ ಸುತ್ತ ಕಾಣಿಸಿಕೊಳ್ಳುತ್ತದಂತೆ. ನನಗದು ವಿಚಿತ್ರವೆನಿಸುತ್ತಿತ್ತು. ಇಷ್ಟು ವರ್ಷ ಕೊರಳು ನೋಡಿದರೂ ಈಚೆಗೆ ಒಂದೂ ಸಿಕ್ಕಿಲ್ಲವೆಂದು ಅವರೇ ಹೇಳುತ್ತಿದ್ದರಲ್ಲ!

ಆ ವರ್ಷ ನನ್ನನ್ನು ವಾರಕ್ಕೊಂದು ದಿನ ಮಾನ್ವಿಗೆ, ಒಂದು ದಿನ ದೇವದುರ್ಗಕ್ಕೆ ಹಾಕಿದ್ದರು. ಬೆಳಗಿನ ಬಸ್ಸು. ಕಲ್ಮಲಾ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಬಯಲು, ದೂರದಲ್ಲಿ ನೀರಿನಂತೆ ನಡುಗುವ ಬಿಸಿಲು. ಕಿಟಕಿಗೆ ತಲೆ ಆನಿಸಿ ನಾನು ತೂಕಡಿಸುತ್ತಿದ್ದೆ. ಇಂದಿಗೂ ಆ ಪ್ರಯಾಣಗಳು ಕನಸಿನಲ್ಲಿ ಬರುತ್ತವೆ. ಬಸ್ಸು ಹೋಗುತ್ತಲೇ ಇರುತ್ತದೆ, ಊರು ಮಾತ್ರ ಬರುವುದಿಲ್ಲ.

ಹುಲಿಗೆಮ್ಮ ನನ್ನ ಎದುರು ಬಂದದ್ದು ಅಂಥದೊಂದು ಮಾನ್ವಿಯ ದಿನ. ಇಪ್ಪತ್ತೈದರ ಆಸುಪಾಸು. ತವರು ಮಾನ್ವಿ ಹತ್ತಿರದ ಹಳ್ಳಿ, ಕೊಟ್ಟದ್ದು ದೇವದುರ್ಗ ತಾಲೂಕಿನ ಜಾಲಹಳ್ಳಿ ಕಡೆಯ ಕುರಿಗಾರರ ಮನೆಗೆ. ಜೊತೆಗೆ ತಮ್ಮ ಯಂಕೋಬ ಬಂದಿದ್ದ. ಕೊರಳಿನ ಗಡ್ಡೆಗೆ ಟಿ.ಬಿ. ಎಂದು ಗುರುತಿಸಿ ನಾಲ್ಕು ತಿಂಗಳಿಂದ ಅವಳಿಗೆ ಮಾತ್ರೆ ಕೊಡುತ್ತಿದ್ದರು. ಒಂದು ದಿನವೂ ತಪ್ಪಿಸಿರಲಿಲ್ಲ. ಈಗ ಭೇದಿ ಹಿಡಿದಿದೆ ಎಂದು ತವರಿಗೆ ಬಂದಿದ್ದಳು. ಒಂದೂವರೆ ವರ್ಷದ ಮಗಳನ್ನು ಅತ್ತೆ ತನ್ನ ಬಳಿ ಇಟ್ಟುಕೊಂಡಿದ್ದಳು.

“ಏನು ಉಂತೀಯವ್ವಾ?” ಎಂದು ಕೇಳಿದೆ.

“ರೊಟ್ಟಿ, ಖಾರ ಉಂತೀನ್ರಿ. ಇಲ್ಲಿಗೆ ಬಂದ ಮ್ಯಾಲ ನಮ್ಮವ್ವ ಬ್ಯಾಳಿ ಮಾಡ್ತಾಳ್ರಿ, ಶೇಂಗಾ ಕೊಡ್ತಾಳ. ಆದ್ರ ಹೊಟ್ಟಿ ನಿಲ್ಲವಲ್ದು. ಕೊರಳು ಬಾಳ ಉರೀತದ್ರಿ.”

ಸೆರಗನ್ನು ಕೊರಳ ಸುತ್ತ ಬಿಗಿದು ಹೊದ್ದಿದ್ದಳು. ಗಡ್ಡೆ ಮುಚ್ಚಿಕೊಳ್ಳಲು ಇರಬೇಕೆಂದುಕೊಂಡೆ. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. “ಉರಿ ಗಿರಿ ನನಗ ಹೇಳಬ್ಯಾಡವ್ವಾ, ಡಾಕ್ಟರಿಗೆ ತೋರಿಸು. ನಂದು ಊಟದ್ದಷ್ಟೇ” ಎಂದೆ. ಎಂದು, ನನ್ನ ಚಂದದ ಅಕ್ಷರದಲ್ಲಿ ಬರೆದೆ: ಬೇಳೆ ಬೇಡ, ಶೇಂಗಾ ಬೇಡ, ಹಾಲು ಬೇಡ, ಮೊಟ್ಟೆ ಬೇಡ, ಗಂಜಿ ಮಾತ್ರ. ನನ್ನ ಮನಸ್ಸಿನಲ್ಲಿದ್ದದ್ದು ನಾಲ್ಕು ದಿನ. ಭೇದಿಗೆ ಅದೂ ತಪ್ಪು ಸಲಹೆಯೇ ಎಂಬುದು ಬೇರೆ ಮಾತು, ಆಗ ನಾವು ಬಹಳ ಮಂದಿ ಹಾಗೇ ಹೇಳುತ್ತಿದ್ದೆವು. ಆದರೆ ಆ ನಾಲ್ಕು ದಿನವೆಂಬುದನ್ನು ಕಾಗದದ ಮೇಲೆ ಬರೆಯಲು ಮರೆತೆ. ಬಾಯಲ್ಲೂ ಹೇಳಲಿಲ್ಲ.

ಯಂಕೋಬ ಕಾಗದವನ್ನು ಎರಡು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. “ಬರೋಬ್ಬರಿ ಹಿಂಗ ಮಾಡತೀವಿ ಮೇಡಂ” ಎಂದ. ಮಾತಿನಂತೆಯೇ ಮಾಡಿದ.

ಒಂದೂವರೆ ತಿಂಗಳು ಕಳೆದಿರಬೇಕು. ರಾಯಚೂರಿನ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿಗೆ ಬೆಳಗಿನ ಹಾಲು ಸರಿಯಾಗಿ ಹೋಗಿದೆಯೇ ಎಂದು ನೋಡಲು ಹೋಗಿದ್ದೆ. ಕೊನೆಯ ಹಾಸಿಗೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಎಲುಬು, ತೊಗಲು, ಅಗಲವಾದ ಎರಡು ಕಣ್ಣು. ಅವಳ ಕೈಗಳನ್ನು ಬಟ್ಟೆಯಿಂದ ಮಂಚದ ಸರಳಿಗೆ ಸಡಿಲವಾಗಿ ಕಟ್ಟಿದ್ದರು. ಬಿಳಿ ಹೊದಿಕೆಯ ಹಾಸಿಗೆಗಳ ಸಾಲನ್ನು ನೋಡುತ್ತಾ ಅವಳು ಮೆಲುದನಿಯಲ್ಲಿ ಹೇಳುತ್ತಿದ್ದಳು: “ಕುಂತಾವ. ಸುಮ್ನ ಕುಂತಾವ. ಎಬ್ಬಿಸಬ್ಯಾಡ್ರಿ, ಬೆದರಿ ಹೊಳಿ ಕಡಿ ಓಡತಾವ.”

ವಾರ್ಡಿನ ಹಾಸಿಗೆಗಳೆಲ್ಲ ಅವಳಿಗೆ ಕುರಿಗಳಾಗಿ ಕಾಣುತ್ತಿದ್ದವು. ಒಂದು ಕ್ಷಣ ನನಗೂ ಹಾಗೇ ಕಂಡಿತು. ಕಿಟಕಿಯಿಂದ ಬೀಳುತ್ತಿದ್ದ ಬೆಳಕಿನಲ್ಲಿ ಬಿಳಿ ಬೆನ್ನುಗಳ ಹಿಂಡು, ಉಸಿರಾಡುತ್ತಾ ಮಲಗಿದೆ. ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ ಗಂಡಸು ಎದ್ದು ನಿಂತು ಕೈಮುಗಿದಾಗಲೇ ನನಗೆ ಗುರುತು ಹತ್ತಿದ್ದು. ಯಂಕೋಬ.

ಅವನು ಹೇಳಿದ್ದಿಷ್ಟು. ಭೇದಿ ನಿಲ್ಲಲಿಲ್ಲ. ನಿದ್ದೆ ಹೋಯಿತು. ಮೈಮೇಲೆ ಇರುವೆ ಹರಿದಾಡುತ್ತಿವೆ ಎಂದು ಕಿರುಚತೊಡಗಿದಳು. ಗಂಡನ ಮನೆಯವರು ಬಂದು ನೋಡಿ, ಇದು ದೆವ್ವದ ಕಾಟ, ಇನ್ನು ಈಕೆ ನಮ್ಮ ಮನೆಗೆ ಬೇಡ, ಕೂಸಂತೂ ಕೈಗೆ ಕೊಡುವುದಿಲ್ಲ ಎಂದು ಹೊರಟುಹೋದರು. ಗಂಡ ಬೀರಪ್ಪನಿಗೆ ಬೇರೆ ಹೆಣ್ಣು ನೋಡುವ ಮಾತು ನಡೆದಿದೆ. ಇಲ್ಲಿಯ ಡಾಕ್ಟರು ತಲೆಯ ಕಾಯಿಲೆ ಎಂದು ದೂರದ ಹುಚ್ಚಾಸ್ಪತ್ರೆಗೆ ಚೀಟಿ ಬರೆಯುತ್ತಿದ್ದಾರೆ, ಮಧ್ಯಾಹ್ನ ಹೊರಡಬೇಕು.

“ಮೇಡಂ, ನೀವು ಬರಕೊಟ್ಟಿದ್ದು ಒಂದಿನಾನೂ ತಪ್ಪಿಸಿಲ್ರಿ” ಎಂದ. ಜೇಬಿನಿಂದ ಆ ಕಾಗದ ತೆಗೆದು ತೋರಿಸಿದ. ಮಡಿಕೆಯ ಗೆರೆಯಲ್ಲಿ ಹರಿದಿತ್ತು. ನನ್ನ ಅಕ್ಷರ ಹಾಗೇ ಇತ್ತು.

ಅವಳ ಸೆರಗು ಜಾರಿತ್ತು. ಅಂದು ನಾನು ನೋಡದ ಕೊರಳನ್ನು ಆಗ ನೋಡಿದೆ. ಕೊರಳ ಸುತ್ತ ಅಗಲವಾದ ಕಪ್ಪು ಪಟ್ಟಿ, ಸುಟ್ಟು ಸಿಪ್ಪೆ ಎದ್ದ ತೊಗಲು. ಎರಡೂ ಮುಂಗೈಗೆ ಕರಿ ಗವಸು ತೊಡಿಸಿದಂತೆ ಅದೇ ಬಣ್ಣ. ನಾಲಗೆ ಕೆಂಪಗೆ, ನುಣ್ಣಗೆ. ಖಾದರ್ ಸಾಹೇಬರನ್ನು ಕರೆಯಲು ಓಡಿದೆ. ಅಷ್ಟು ವರ್ಷದ ನೌಕರಿಯಲ್ಲಿ ನಾನು ಆಸ್ಪತ್ರೆಯ ಪಡಸಾಲೆಯಲ್ಲಿ ಓಡಿದ್ದು ಅದೊಂದೇ ಸಲ.

ಖಾದರ್ ಸಾಹೇಬರು ಬಂದರು. ಕೊರಳು ನೋಡಿದರು. ಅವಳ ಕೈಗೆ ಕಟ್ಟಿದ್ದ ಬಟ್ಟೆಯನ್ನು ತಾವೇ ಬಿಚ್ಚಿದರು. ಟಿ.ಬಿ. ಮಾತ್ರೆಯ ಚೀಟಿ ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಏನು ಉಣ್ಣಾಕತ್ತಿದ್ಲಂತ?” ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಕಾಗದ ಹರಿದಿತ್ತು, ಅದರ ಮೇಲೆ ನನ್ನ ಹೆಸರಿರಲಿಲ್ಲ. “ಒಂದೂವರೆ ತಿಂಗಳು ಬರೀ ಗಂಜಿ, ಸಾರ್” ಎಂದೆ.

“ಗಂಜಿ? ಯಾರು ಹೇಳಿದ್ರು?”

“ನಾನು.”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. “ಮಾತ್ರಿನೂ ಪಾಲು ತಗೊಂಡದ” ಎಂದರು. ಟಿ.ಬಿ.ಯ ಒಂದು ಮಾತ್ರೆ ಮೈಯಲ್ಲಿರುವ ಬಿ-ಆರು ಎಂಬ ಜೀವಸತ್ವವನ್ನು ಖಾಲಿ ಮಾಡುತ್ತದೆ. ಅದಿಲ್ಲದೆ ಟ್ರಿಪ್ಟೊಫಾನಿನಿಂದ ನಯಾಸಿನ್ ಆಗುವುದಿಲ್ಲ. ಇದ್ದಷ್ಟೂ ಕೆಲಸಕ್ಕೆ ಬರಲಿಲ್ಲ, ಬರಬೇಕಾದದ್ದನ್ನು ನಾನು ನಿಲ್ಲಿಸಿದ್ದೆ. “ಟಿ.ಬಿ. ಮಾತ್ರಿ ಬಿಡೂದು ಬ್ಯಾಡ, ಅದು ಜೀವ ಉಳಸೂದು. ಬಿ-ಆರು ಜೋಡಿಸೋಣ, ನಯಾಸಿನ್ ಮಾತ್ರಿ ಇವತ್ತೇ ಚಾಲೂ. ಹುಚ್ಚಾಸ್ಪತ್ರೆ ಚೀಟಿ ನಾನು ಹೋಗಿ ನಿಲ್ಲಸ್ತೀನಿ. ಊಟ ನಿಂದು.” ಹೊರಡುವ ಮುನ್ನ ತಿರುಗಿ, “ಮತ್ತ ಆಕೀ ತಮ್ಮಗ ಈ ಮಾತು ನೀನೇ ಹೇಳಬೇಕು ಬೇಟಿ. ಬೇರೆಯವರು ಹೇಳಬಾರದು” ಎಂದರು.

ಬೇವಿನ ಮರದ ಕೆಳಗೆ ಯಂಕೋಬನನ್ನು ಕೂರಿಸಿ ಹೇಳಿದೆ. ನಾಲ್ಕು ದಿನ ಎಂದು ಬರೆಯಬೇಕಿತ್ತು, ಬರೆಯಲಿಲ್ಲ. ಕೊರಳು ನೋಡಬೇಕಿತ್ತು, ನೋಡಲಿಲ್ಲ. ಅವನು ನನ್ನ ಮುಖ ನೋಡಲಿಲ್ಲ. ಕೈಯಲ್ಲಿ ಒಂದು ಬೇವಿನ ಕಡ್ಡಿ ಹಿಡಿದು ನೆಲದ ಮೇಲೆ ಗೆರೆ ಎಳೆಯುತ್ತಿದ್ದ.

“ಒಂದಿನ ನಮ್ಮವ್ವಗ ಕಾಣದಂಗ ಆಕಿ ಒಂದು ಹಿಡಿ ಶೇಂಗಾ ತಗೊಂಡಿದ್ಲು ಮೇಡಂ. ನಾನು ಕೈ ಹಿಡದು ಕಸಗೊಂಡೆ. ಮೇಡಂ ಬ್ಯಾಡ ಅಂದಾರ ಅಂತ ಬೈದೆ. ಆಕಿ ಅಳಲಿಲ್ಲ ಬಿಡ್ರಿ, ಸುಮ್ನ ಕೈ ನೆಕ್ಕಿದ್ಲು.”

ಮೂವತ್ತೊಂದು ವರ್ಷದಲ್ಲಿ ನನಗೆ ಸಿಕ್ಕ ಶಿಕ್ಷೆ ಎಂದರೆ ಆ ಮಾತೊಂದೇ. ಕಚೇರಿಯಿಂದ ಯಾರೂ ಕಾರಣ ಕೇಳಲಿಲ್ಲ.

ಅಡುಗೆಮನೆಯಲ್ಲಿ ನರಸಮ್ಮನಿಗೂ ಹೇಳಿದೆ. ಬಿ-ಆರು ಎಂದರೆ ಏನೆಂದು ಕೇಳಿದಳು, ನನಗೆ ತಿಳಿದಂತೆ ಹೇಳಿದೆ. ಅವಳು, “ಅಂದ್ರ ಇದ್ದಿದ್ದು ಒಂದು ಮುಟಗಿ ಹಿಟ್ಟು, ಅದನ್ನ ತಟ್ಟೋ ಕೈನೂ ಕಟ್ಟಿಹಾಕಿದಂಗ ಆತು. ಅಯ್ಯೋ ದೇವುಡಾ” ಎಂದಳು. ಯಾವ ಪ್ರಾಧ್ಯಾಪಕರೂ ನನಗೆ ಅಷ್ಟು ಚೆನ್ನಾಗಿ ತಿಳಿಸಿರಲಿಲ್ಲ.

ಆ ದಿನಗಳು ನನಗೆ ಮಂಜಿನೊಳಗಿನಿಂದ ಕಂಡಂತೆ ನೆನಪಿವೆ. ನರಸಮ್ಮ ತೊಗರಿಬೇಳೆಯನ್ನು ಕರಗುವಂತೆ ಕುದಿಸಿ, ಹಿಚುಕಿ, ಕಟ್ಟು ಬಸಿಯುತ್ತಿದ್ದಳು. ಹುರಿದ ಶೇಂಗಾ ಅರೆದು ಹಾಲಿಗೆ ಬೆರೆಸುತ್ತಿದ್ದಳು. ಬಾಯೆಲ್ಲ ಹುಣ್ಣು, ಖಾರ ಉಪ್ಪು ತಾಗುವಂತಿರಲಿಲ್ಲ. ನಾನು ಹಾಸಿಗೆಯ ಪಕ್ಕ ಕೂತು ಚಮಚದಿಂದ ಕೊಡುತ್ತಿದ್ದೆ. ಎರಡು ತಾಸಿಗೊಮ್ಮೆ, ನಾಲ್ಕೇ ಚಮಚ. ಹುಲಿಗೆಮ್ಮ ನುಂಗುತ್ತಾ ನನ್ನ ಭುಜದಾಚೆಗೆ ತನ್ನ ಹಿಂಡನ್ನು ನೋಡುತ್ತಿದ್ದಳು. “ಆ ಮೂಲ್ಯಾಗಿಂದು ಕುಂಟತದ, ನೋಡ್ರಿ” ಎನ್ನುತ್ತಿದ್ದಳು. ನಾನು ತಿರುಗಿ ನೋಡಿ, “ಹೌದವ್ವಾ, ನೋಡೀನಿ” ಎನ್ನುತ್ತಿದ್ದೆ. ಮೂರನೆಯ ದಿನ ಭೇದಿ ಕಡಿಮೆಯಾಯಿತು. ಅಂದು ಮಧ್ಯಾಹ್ನ ಅವಳಿಗೆ ನಿದ್ದೆ ಬಂತು. ವಾರ್ಡಿನ ಸಿಸ್ಟರು ನನ್ನನ್ನು ಕರೆದು ತೋರಿಸಿದರು. ಬಾಯಿ ಸ್ವಲ್ಪ ತೆರೆದು, ಕರಿಗೈಗಳನ್ನು ಎದೆಯ ಮೇಲಿಟ್ಟುಕೊಂಡು, ಎಳೆಗೂಸಿನಂತೆ ಮಲಗಿದ್ದಳು. ಒಬ್ಬರು ನಿದ್ದೆ ಮಾಡುವುದನ್ನು ನಿಂತು ನೋಡುವುದರಲ್ಲಿ ಅಷ್ಟು ಸುಖವಿದೆ ಎಂದು ನನಗೆ ಗೊತ್ತಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಹೋದಾಗ ಎದ್ದು ಕೂತಿದ್ದಳು. ಹಾಸಿಗೆಗಳ ಸಾಲನ್ನು ನೋಡಿದಳು, ನನ್ನನ್ನು ನೋಡಿದಳು.

“ಇದ್ಯಾವ ಊರ್ರೀ?”

“ರಾಯಚೂರು.”

“ದವಾಖಾನಿ?”

“ಹೌದವ್ವಾ.”

“ನನ್ನ ಕೂಸೆಲ್ಲಿ?”

ಹಿಂಡು ಹೋಗಿತ್ತು.

ಕೊರಳ ಸಿಪ್ಪೆ ಉದುರಿ ಹೊಸ ತೊಗಲು ಬರಲು ಇನ್ನೂ ಮೂರು ನಾಲ್ಕು ವಾರ ಹಿಡಿಯಿತು. ಅಷ್ಟೂ ದಿನ ಅವಳು ಕೇಳಿದ್ದು ಅದೊಂದೇ ಪ್ರಶ್ನೆ. ಬಿಡುಗಡೆಯ ದಿನ ಯಂಕೋಬ, “ಗಂಡನ ಮನಿಯವರು ಬಾಗಿಲಾಗ ನಿಂದ್ರಸಾಂಗಿಲ್ರಿ” ಎಂದ. ಜೊತೆಗೆ ಹೋಗಲು ನಾನು ಸಾಹೇಬರ ಬಳಿ ಒಂದು ದಿನದ ರಜೆ ಕೇಳಿದೆ. ಅವರು ದೇವದುರ್ಗಕ್ಕೆ ಹೋಗುವ ನನ್ನ ದಿನವನ್ನು ತೋರಿಸಿ, “ರಜಾ ಯಾಕ ಬೇಕು? ಅದೂ ಡ್ಯೂಟಿನೇ” ಎಂದರು.

ಹಾಗೆ ನಾವು ಮೂವರು ಬಸ್ಸಿನಲ್ಲಿ ಹೋದೆವು. ಜಾಲಹಳ್ಳಿಯಲ್ಲಿ ಇಳಿದು, ಟಂಟಂ ಆಟೊ ಹತ್ತಿ ಆ ಹಳ್ಳಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮನೆಯ ಮುಂದೆ ಕಂಬಳಿ ಹಾಸಿ ಬೀರಪ್ಪ ಕೂತಿದ್ದ. ಹೆಣ್ಣು ನೋಡಲು ಹೋಗಬೇಕೆಂದು ಹಿಂಡನ್ನು ಅಣ್ಣನಿಗೆ ಒಪ್ಪಿಸಿ ಬಂದಿದ್ದನಂತೆ. ಹೆಂಡತಿಯನ್ನು ಕಂಡು ಎದ್ದು ನಿಂತ. ಬಾಗಿಲಲ್ಲಿ ಅವನ ತಾಯಿ ಮಾಳಮ್ಮ, ಅವಳ ಸೀರೆಯ ಮರೆಯಲ್ಲಿ ಕೂಸು. ಮಗು ತಾಯಿಯನ್ನು ನೋಡಿತು. ಗುರುತು ಸಿಗಲಿಲ್ಲ. ಅಜ್ಜಿಯ ಹಿಂದೆ ಸರಿಯಿತು. ಹುಲಿಗೆಮ್ಮ ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಕಾಟ ಹತ್ತಿದಾಕಿನ್ನ ಯಾಕ ಕರಕೊಂಡು ಬಂದ್ರಿ?” ಎಂದು ಮಾಳಮ್ಮ ನನ್ನನ್ನು ಕೇಳಿದಳು.

“ಕಾಟ ಅಲ್ಲವ್ವಾ. ಮೈಯಾಗ ಒಂದು ಸತ್ವ ಕಮ್ಮಿ ಆಗಿತ್ತು. ಆ ಬ್ಯಾನಿ ಹೆಚ್ಚು ಮಾಡಿದಾಕಿ ನಾನು.” ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕಾಗದದ ಕಥೆಯನ್ನೂ ಹೇಳಿದೆ. ಅಕ್ಕಪಕ್ಕದ ಮನೆಯವರು ಬಂದು ನಿಂತು ಕೇಳಿದರು. ಸರ್ಕಾರಿ ಮೇಡಂ ತನ್ನ ತಪ್ಪನ್ನು ತಾನೇ ಹೇಳುವುದನ್ನು ಅವರು ಮೊದಲು ಕಂಡಿರಲಿಕ್ಕಿಲ್ಲ. ನಾನೂ ಮೊದಲು ಹೇಳಿರಲಿಲ್ಲ.

ಜನ ಚದುರಿದ ಮೇಲೆ ಮಾಳಮ್ಮ ನನ್ನನ್ನು ಒಳಗೆ ಕರೆದಳು. ತಂಪಾದ ಕತ್ತಲೆ, ಉಣ್ಣೆಯ ವಾಸನೆ. ನೀರು ಕೊಟ್ಟು ಎದುರಿಗೆ ಕೂತಳು.

“ಕೊರಳಾಗ ಕಪ್ಪಾಗೂದು ದೇವರ ಸಿಟ್ಟು ಅಲ್ಲೇನ್ರಿ?”

“ಅಲ್ಲವ್ವಾ.”

“ಕೈ ಮ್ಯಾಲ ಬಂದ್ರ?”

“ಅದೂ ಅಲ್ಲ.”

“ಬ್ಯಾಸಗಿಗೆ ಬಂದು, ಮಳಿ ಬಿದ್ದ ಮ್ಯಾಲ ಹೋಗತದಲ್ರೀ, ಅದು?”

ನಾನು ಅವಳನ್ನು ನೋಡಿದೆ. ಅಷ್ಟು ಸೆಕೆಯಲ್ಲೂ ಅವಳ ಸೆರಗು ಕೊರಳ ಸುತ್ತ ಬಿಗಿಯಾಗಿತ್ತು. “ಯವ್ವಾ, ಸೆರಗು ತೆಗಿ” ಎಂದೆ.

ತೆಗೆದಳು. ಸೊಸೆಯದರಷ್ಟು ಗಾಢವಲ್ಲ. ಆದರೆ ಅದೇ ಪಟ್ಟಿ.

“ಮೂರು ವರ್ಷ ಆತ್ರಿ. ಯಾರಿಗೂ ತೋರಿಸಿಲ್ಲ. ನನಗೂ ಕಾಟ ಅಂದು ಹೊರಗ ಹಾಕಿದ್ರ ಈ ವಯಸ್ಸಿನಾಗ ಎಲ್ಲಿಗೆ ಹೋಗ್ಲಿ? ಆಮ್ಯಾಲ ಈಕಿ ಕೊರಳಾಗೂ ಕಂಡಿತು. ಹೆದರಿಕಿ ಆತು. ಈಕಿನ್ನ ಕಳಿಸಿಬಿಟ್ರ ನನ್ನ ಮ್ಯಾಲಿಂದೂ ಹೋದೀತು ಅಂದಕೊಂಡೆ.”

ಬಾಗಿಲ ಬಳಿ ನಿಂತಿದ್ದ ಹುಲಿಗೆಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಸಿಟ್ಟಿನಿಂದ ಏನಾದರೂ ಅಂದಾಳೆಂದು ಕಾದೆ. ಅನ್ನಬೇಕಾದ್ದೇ. ಅವಳು ಒಳಗೆ ಬಂದು, ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತು, ಆ ಕೊರಳನ್ನು ಬೆರಳ ತುದಿಯಿಂದ ಮುಟ್ಟಿದಳು.

“ಬಾಳ ಉರೀತದಲ್ಲ ಅತ್ತಿ?”

ಮಾಳಮ್ಮ ತಲೆಯಾಡಿಸಿದಳು. ಆಮೇಲೆ ಅತ್ತಳು.

ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಕೊರಳು, ಕೈ, ನಾಲಗೆ ನೋಡದೆ ನಾನು ಯಾರಿಗೂ ಊಟ ಹೇಳಿಲ್ಲ. ಬೇಡ ಎಂದು ಬರೆದ ಪ್ರತಿ ಪದದ ಮುಂದೆ ಯಾವ ದಿನದವರೆಗೆ ಎಂದು ಬರೆದು, ಅವರ ಬಾಯಿಂದಲೇ ಹೇಳಿಸಿ ಕೇಳಿದ್ದೇನೆ. ಆ ಮನೆಯಲ್ಲಿ ಗಂಡಸರು ಉಂಡ ಮೇಲೆ ಅತ್ತೆ, ಅವಳಾದ ಮೇಲೆ ಸೊಸೆ ಉಣ್ಣುತ್ತಿದ್ದರು, ಅಷ್ಟರಲ್ಲಿ ಬೇಳೆ ಮುಗಿದಿರುತ್ತಿತ್ತು. ಅದಕ್ಕೇ ‘ಏನು ಉಂತೀಯವ್ವಾ’ ಎಂಬ ಪ್ರಶ್ನೆ ಬಿಟ್ಟು, ‘ನಿಮ್ಮ ಮನ್ಯಾಗ ಕಡೀಕ ಯಾರು ಉಂತಾರ, ಆವಾಗ ಗಡಿಗ್ಯಾಗ ಏನು ಉಳದಿರ್ತದ’ ಎಂದು ಕೇಳತೊಡಗಿದೆ. ಟ್ರಿಪ್ಟೊಫಾನಿನ ಲೆಕ್ಕವನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಆ ಗಡಿಗೆಯ ತಳವನ್ನು ಹೇಳುವುದಿಲ್ಲ. ಈಗ ಟಿ.ಬಿ. ಮಾತ್ರೆಯ ಜೊತೆ ಬಿ-ಆರು ಕೊಡುವುದು ರೂಢಿಗೆ ಬಂದಿದೆ. ಕೊಟ್ಟಿದ್ದಾರೆಯೇ ಎಂದು ನೀವೂ ಒಮ್ಮೆ ಕೇಳಿ.

ಮಾಳಮ್ಮನನ್ನು ಮರುವಾರ ದೇವದುರ್ಗದ ಆಸ್ಪತ್ರೆಗೆ ಹುಲಿಗೆಮ್ಮನೇ ಕರೆತಂದಳು. ಹೆಣ್ಣು ನೋಡುವ ಮಾತು ನಿಂತುಹೋಗಿತ್ತು. ಮಳೆಗಾಲ ಕಳೆದ ಮೇಲೆ ಒಂದು ದಿನ ನಾನು ಆ ಹಳ್ಳಿಗೆ ಹೋದೆ, ಇಬ್ಬರ ಕೊರಳೂ ನೋಡಬೇಕಿತ್ತು. ಊಟದ ಹೊತ್ತು. ಬೀರಪ್ಪ ಆಡಿನ ಹಾಲು ಕರೆದು ತಂದಿಟ್ಟು, ತಾನು ಉಂಡು, ಹಿಂಡಿನ ಕಡೆ ಹೋಗಿದ್ದ. ಹುಲಿಗೆಮ್ಮ ಎರಡು ತಾಟು ಹಾಕಿದಳು. ರೊಟ್ಟಿ, ಗಟ್ಟಿ ಬೇಳೆ, ಶೇಂಗಾ ಹಿಂಡಿ, ಒಂದೊಂದು ಬಟ್ಟಲು ಹಾಲು. ಕೂಸು ತಾಯಿಯ ತೊಡೆಯ ಮೇಲೆ ಕೂತು ಅವಳ ತಾಟಿನಿಂದಲೇ ಬೇಳೆ ಬಳಿದು ತಿನ್ನುತ್ತಿತ್ತು. ಎರಡನೆಯ ತಾಟಿನ ಮುಂದೆ ಮಾಳಮ್ಮ ನಿಂತೇ ಇದ್ದಳು. ನನ್ನ ಕಡೆ, ತೆರೆದ ಬಾಗಿಲ ಕಡೆ ನೋಡಿದಳು.

“ಸೊಸಿ ಜೋಡಿ ಕುಂತು ಉಂಡ್ರ ಮಂದಿ ಏನಂತಾರ?” ಎಂದಳು.

ಹುಲಿಗೆಮ್ಮ ರೊಟ್ಟಿ ಮುರಿದು ಅತ್ತೆಯ ತಾಟಿಗೆ ಹಾಕಿದಳು.

“ಉಂಡ್ರು ಅಂತಾರ, ಅತ್ತಿ. ಕುಂದ್ರು.”